ಟಾರು ರಸ್ತೆಗೆ ತಕ್ಕ ಚಕ್ರ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಕೇತಮಾರನಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ತಾತನಿಂದ ಬಂದದ್ದು ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿಯಿಂದ ಬಂದದ್ದು ಎಂದು ತಾತ. ಎಲ್ಲಿಂದಲಾದರೂ ಬಂದಿರಲಿ, ಆ ಸಿಟ್ಟು ಇಲ್ಲದಿದ್ದರೆ ನಾನು ಆ ಹುಡುಗರ ಮುಂದೆ ಬಾಯಿ ಬಿಡುತ್ತಿರಲಿಲ್ಲ, ನಮ್ಮ ತಾತ ಪೇಚಿಗೆ ಸಿಕ್ಕಿಹಾಕಿಕೊಳ್ಳುತ್ತಲೂ ಇರಲಿಲ್ಲ.

ಐವತ್ತೇಳನೇ ಇಸವಿ. ನನಗೆ ಹತ್ತು ವರ್ಷ. ನಮ್ಮೂರಿನ ರಾಗಿ ಹೊಲಗಳ ಮೇಲೆ ರಾಜಾಜಿನಗರದ ರಸ್ತೆಗಳು ಒಂದೊಂದಾಗಿ ಬರುತ್ತಿದ್ದವು. ಊರ ಮುಂದಿನ ದಿಣ್ಣೆಯಿಂದ ಕೆಳಕ್ಕೆ ಹೊಸದಾಗಿ ಟಾರು ಹಾಕಿದ್ದ ಒಂದು ರಸ್ತೆಯಿತ್ತು. ಅದರ ಎರಡೂ ಕಡೆ ಸೈಟುಗಳಿಗೆ ಕಲ್ಲು ನೆಟ್ಟಿದ್ದರೇ ಹೊರತು ಮನೆಗಳಿನ್ನೂ ಎದ್ದಿರಲಿಲ್ಲ. ಇಡೀ ದಿನಕ್ಕೆ ನಾಲ್ಕು ಸೈಕಲ್ಲು, ಒಂದು ಜಟಕಾ ಬಂದರೆ ಹೆಚ್ಚು. ರಸ್ತೆ ದಿಣ್ಣೆಯಿಂದ ನೇರವಾಗಿ ಇಳಿದು, ಅರ್ಧ ಹಾದಿಯಲ್ಲಿ ಎಡಕ್ಕೆ ತಿರುಗಿ, ಮತ್ತೆ ಇಳಿದು ನೀರಿನ ನಲ್ಲಿಯ ಹತ್ತಿರ ಮುಗಿಯುತ್ತಿತ್ತು.

ಆ ಇಳಿಜಾರಿನಲ್ಲಿ, ಆಚೆ ಬೀದಿಯಲ್ಲಿ ಆಗಲೇ ಎದ್ದಿದ್ದ ಹೊಸ ಮನೆಗಳ ಹುಡುಗರು ನಾಲ್ಕು ಜನ ಬೇರಿಂಗ್ ಗಾಡಿ ಬಿಡುತ್ತಿದ್ದರು. ಒಂದು ಹಲಗೆ, ಅದರ ಕೆಳಗೆ ಎರಡು ಅಡ್ಡಪಟ್ಟಿ, ಪಟ್ಟಿಗಳ ನಾಲ್ಕು ತುದಿಗೆ ಕಾರ್ಖಾನೆಯವರು ಬೇಡವೆಂದು ಬಿಸಾಕಿದ ನಾಲ್ಕು ಉಕ್ಕಿನ ಬೇರಿಂಗು. ಅಷ್ಟೇ ಗಾಡಿ. ಅದರ ಮೇಲೆ ಕುಕ್ಕರುಗಾಲಿನಲ್ಲಿ ಕೂತು ದಿಣ್ಣೆಯ ಮೇಲಿಂದ ಬಿಟ್ಟರೆ ಅದರ ಗರಗರ ಸದ್ದು ನಮ್ಮ ಮನೆಯ ಒಲೆಯ ಮುಂದೆ ಕೂತವರಿಗೂ ಕೇಳುತ್ತಿತ್ತು. ತಿರುವಿನಲ್ಲಿ ಮಾತ್ರ ಯಾರ ಗಾಡಿಯೂ ತಿರುಗುತ್ತಿರಲಿಲ್ಲ. ಅಲ್ಲಿ ಕಂಟ್ರಾಕ್ಟರು ಬಿಟ್ಟುಹೋದ ಮರಳಿನ ಗುಡ್ಡೆಯಿತ್ತು. ಎಲ್ಲರೂ ನೇರ ಹೋಗಿ ಅದಕ್ಕೆ ನುಗ್ಗುವುದು, ಬಾಯಿಂದ ಮರಳು ಉಗಿಯುತ್ತಾ ಎದ್ದು ಬರುವುದು. ಯಾರು ಮೊದಲು ಮರಳು ತಿನ್ನುತ್ತಾರೋ ಅವರು ಗೆದ್ದ ಹಾಗೆ.

ಆ ಹುಡುಗರಿಗೆ ನಾಣಿ ಮುಖಂಡ. ಅವನ ಅಪ್ಪ ಗೋಪೀನಾಥರು ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದರಿಂದ ಬೇರಿಂಗು ಬರುತ್ತಿದ್ದದ್ದು ಅವನ ಮನೆಯಿಂದ. ದಿನಾ ನಿಂತು ನೋಡಿ ನೋಡಿ ನನಗೆ ಸಾಕಾಗಿ, ಒಂದು ದಿನ ಕೇಳಿಯೇಬಿಟ್ಟೆ.

"ನಂಗೂ ಒಂದ್ ಸಲ ಕೊಡೋ ನಾಣಿ."

"ನಿಮ್ಮ ತಾತಾನೇ ಚಕ್ರ ಮಾಡೋರಲ್ವೇನೇ ಚಿಕ್ಕಿ? ಮಾಡಿಸ್ಕೋ ಹೋಗು" ಎಂದ ಅವನು. ಅವನು ಹೇಳಿದ್ದರಲ್ಲಿ ಕೊಂಕೇನೂ ಇರಲಿಲ್ಲ. ಆದರೆ ಪಕ್ಕದಲ್ಲಿದ್ದವನೊಬ್ಬ, "ಚಕ್ರ ಸರಿ, ಎತ್ತು ಎಲ್ಲಿಂದ ತರ್ತಾಳೋ?" ಎಂದು ಕಿಸಕ್ಕನೆ ನಕ್ಕ.

ನನಗೆ ಮೈಯೆಲ್ಲ ಉರಿದುಹೋಯಿತು. "ನಮ್ ತಾತ ಮಾಡಿದ್ ಚಕ್ರದ ಮುಂದೆ ನಿಮ್ ಬೇರಿಂಗು ಯಾವ್ ಲೆಕ್ಕಾನೋ! ಬರೋ ಭಾನುವಾರ ನೋಡ್ಕಳ್ರಿ" ಎಂದು ಕೂಗಿ ಬಂದೆ.

ನಮ್ಮ ತಾತ ಅಂಜಿನಯ್ಯ ಎತ್ತಿನ ಗಾಡಿಗೆ ಚಕ್ರ ಮಾಡುವವನು. ಮಾಗಡಿ ರಸ್ತೆಯಲ್ಲಿ ಓಡಾಡುವ ಗಾಡಿಗಳಲ್ಲಿ ಅರ್ಧದಷ್ಟಕ್ಕೆ ತಾನೇ ಚಕ್ರ ಮಾಡಿದ್ದು, ಇನ್ನರ್ಧಕ್ಕೆ ತಾನು ಮಾಡದೆ ಇದ್ದದ್ದರಿಂದಲೇ ಅವು ಕಿರುಗುಟ್ಟುತ್ತವೆ ಎಂದು ಅವನ ವಾದ. ಆದರೆ ಈಗ ಲಾರಿಯ ಹಳೇ ಟೈರು ಕಟ್ಟಿದ ಗಾಡಿಗಳು ಬಂದಿದ್ದವು. ಒಂದು ವರ್ಷದಿಂದ ಹೊಸ ಚಕ್ರ ಬೇಕು ಎಂದು ನಮ್ಮ ಬಾಗಿಲಿಗೆ ಯಾರೂ ಬಂದಿರಲಿಲ್ಲ. ಪಕ್ಕದ ಮನೆಯ ತಿಮ್ಮಯ್ಯ, "ಅಣ್ಣೋ, ನೀನೂ ಟೈರ್ ಗಾಡಿ ಕೆಲ್ಸ ಹಿಡಿಯೋದಲ್ವಾ?" ಎಂದದ್ದಕ್ಕೆ ತಾತ ನೇರ ಮುನೇಶ್ವರನ ಗುಡಿಗೆ ಹೋಗಿ, "ಈ ಕೈಲಿ ರಬ್ಬರ್ ಮುಟ್ಟಾಕಿಲ್ಲ" ಎಂದು ಆಣೆ ಮಾಡಿ ಬಂದಿದ್ದ. ಆದರೂ ದಿನಾ ಬೆಳಿಗ್ಗೆ ಎದ್ದು, ಕೊಟ್ಟಿಗೆಯಲ್ಲಿ ಕೂತು, ಮರ ಕೆತ್ತುವ ಬಾಚಿಯನ್ನು ಮಸೆಯುತ್ತಿದ್ದ. ಕೆಲಸವಿಲ್ಲದ ಬಾಚಿ ಮಸೆದು ಮಸೆದು ಅರ್ಧವಾಗಿತ್ತು.

ನಾನು ಹೋಗಿ ಅವನ ಮುಂದೆ ನಿಂತೆ. "ತಾತ, ನಂಗೆ ನಾಕು ಚಕ್ರ ಬೇಕು."

"ಯಾವ ಗಾಡಿಗೆ?"

"ನನ್ ಗಾಡಿಗೆ. ಹಲಗೆ ಗಾಡಿ. ದಿಣ್ಣೆ ಮ್ಯಾಲಿಂದ ಬಿಡಾಕೆ."

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಬಾಚಿಯನ್ನು ಕೆಳಗಿಟ್ಟು, "ಎಷ್ಟು ಭಾರ ಹೊರಬೇಕು?" ಎಂದು ಕೇಳಿದ.

"ನನ್ನಷ್ಟು."

ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ, ತೂಗಿ ನೋಡಿ ಇಳಿಸಿದ. "ಅರ್ಧ ಮೂಟೆ ರಾಗಿ. ಆಯ್ತು."

ಆ ವಾರವಿಡೀ ನಮ್ಮ ಕೊಟ್ಟಿಗೆಯಲ್ಲಿ ಸದ್ದೇ ಸದ್ದು. ಕೂಡಿಟ್ಟಿದ್ದ ಒಳ್ಳೆಯ ಜಾಲಿ ಮರ ಹೊರಗೆ ಬಂತು. ಅಂಗೈ ಅಗಲದ ನಾಲ್ಕು ಚಕ್ರಗಳು, ಒಂದೊಂದಕ್ಕೂ ನಡುವೆ ಅಚ್ಚು ತೂರುವ ಗುಂಬ, ಅಚ್ಚಿನ ತುದಿಗೆ ಚಕ್ರ ಜಾರದಂತೆ ಚಿಕ್ಕ ಕಡಾಣಿ. ಶುಕ್ರವಾರ ಪಟ್ಟೆ ಏರಿಸಿದ. ಗಾಡಿ ಚಕ್ರಕ್ಕೆ ಪಟ್ಟೆ ಏರಿಸುವುದೆಂದರೆ ನಮ್ಮೂರಲ್ಲಿ ಸಣ್ಣ ಹಬ್ಬ. ಬೆರಣಿ ಜೋಡಿಸಿ ಬೆಂಕಿ ಹಾಕಿ, ಕಬ್ಬಿಣದ ಪಟ್ಟೆ ಕೆಂಪಗೆ ಕಾದ ಮೇಲೆ ಇಕ್ಕಳದಲ್ಲಿ ಹಿಡಿದು ಮರದ ಚಕ್ರದ ಸುತ್ತ ಕೂರಿಸಿ ಚುರ್ ಎಂದು ನೀರು ಹುಯ್ಯುತ್ತಾರೆ. ಪಟ್ಟೆ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಂದು ವರ್ಷದಿಂದ ಆ ಬೆಂಕಿ ಕಾಣದ ಊರಿನವರು ಬಂದು ಸುತ್ತ ನಿಂತರು. ನನ್ನ ಪಟ್ಟೆಗಳು ದೊಡ್ಡ ಬಳೆಯಷ್ಟೇ ಇದ್ದವು. ಆದರೂ ತಾತ ಬಿಡದೆ ತೆಂಗಿನಕಾಯಿ ಒಡೆದ.

ತಪ್ಪು ಆದದ್ದು ಅಲ್ಲೇ. ಗಾಡಿ ಚಕ್ರ ಮಣ್ಣನ್ನು ಕಚ್ಚಬೇಕು, ಕಚ್ಚದಿದ್ದರೆ ಇಳಿಜಾರಿನಲ್ಲಿ ಗಾಡಿ ಎತ್ತುಗಳ ಮೇಲೆಯೇ ಹೋಗುತ್ತದೆ ಎನ್ನುವುದು ತಾತ ನಲವತ್ತು ವರ್ಷ ಕಲಿತ ಪಾಠ. ಅದಕ್ಕೇ ಪಟ್ಟೆಯನ್ನು ಕಿರಿದು ಮಾಡಿ ಅಂಚನ್ನು ಎಬ್ಬಿಸಿದ್ದ. ಟಾರಿನಲ್ಲಿ ಕಚ್ಚಲು ಮಣ್ಣೇ ಇಲ್ಲ ಎನ್ನುವುದು ಅವನಿಗೂ ಹೊಳೆಯಲಿಲ್ಲ, ಅವನ ಮೊಮ್ಮಗಳಿಗೂ ಹೊಳೆಯಲಿಲ್ಲ.

ಭಾನುವಾರ ತಾತ ಒಗೆದ ರುಮಾಲು ಸುತ್ತಿಕೊಂಡು ದಿಣ್ಣೆಗೆ ಬಂದ. ಅಜ್ಜಿ ಬೋರಮ್ಮನೂ ಬಂದಳು. ನಾಣಿಯ ಗಾಡಿ, ನನ್ನ ಗಾಡಿ ಅಕ್ಕಪಕ್ಕ ನಿಂತವು. ನನ್ನದು ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಹುಡುಗರೆಲ್ಲ ಬಗ್ಗಿ ಬಗ್ಗಿ ನೋಡಿದರು. ನಾಣಿ, "ತಾತ, ಭಾಳ ಚೆನ್ನಾಗಿ ಮಾಡಿದೀರ" ಎಂದ. ತಾತ ಮೀಸೆ ತಿರುವಿದ.

ಬಿಟ್ಟೆವು. ನಾಣಿ ಗರಗರ ಎಂದು ಹೊರಟುಹೋದ. ನನ್ನ ಚಕ್ರದ ಅಂಚುಗಳು ಟಾರಿನ ಮೇಲೆ ನಿಲ್ಲಲಾರದೆ ಕಿಚ್ ಎಂದು ಜಾರಿದವು, ಕಿಡಿ ಹಾರಿದವು. ಗಾಡಿ ಇಳಿಯುವುದನ್ನು ಬಿಟ್ಟು ಅಡ್ಡಕ್ಕೆ ತಿರುಗಿತು, ಇನ್ನೂ ಒಂದಿಷ್ಟು ತಿರುಗಿತು, ಕೊನೆಗೆ ಹೊರಟ ಕಡೆಗೇ ಮುಖ ಮಾಡಿ ನಿಂತುಬಿಟ್ಟಿತು. ಹತ್ತು ಮಾರು ದೂರದಲ್ಲಿ ನಾನೂ ತಾತನೂ ಎದುರುಬದುರು ಮುಖ ನೋಡಿಕೊಂಡೆವು.

"ಎತ್ತಿಗೆ ಹಸಿವು ಕಣ್ರೋ, ಮನೆ ಕಡೆ ತಿರುಗ್ತು!" ಎಂದ ಅದೇ ಹುಡುಗ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ರೋಡು ಸರಿಗಿಲ್ಲ" ಎಂದ ತಾತ. ಸುತ್ತಿದ್ದ ರುಮಾಲು ಬಿಚ್ಚಿಕೊಂಡು ಮನೆಗೆ ಹೋದ.

ನಾನು ಹಲಗೆ ಹೊತ್ತುಕೊಂಡು ಹಿಂದೆಯೇ ಹೋಗುವಷ್ಟರಲ್ಲಿ ಅವನು ಬಾಚಿಯನ್ನು ಗೋಣಿಚೀಲದಲ್ಲಿ ಸುತ್ತಿ ಹುರಿಯಿಂದ ಕಟ್ಟುತ್ತಿದ್ದ. ಕಟ್ಟಿ ಅಟ್ಟದ ಮೇಲೆ ಇಟ್ಟ. "ಒಂದ್ ಮಗಾಗೆ ಚಕ್ರ ಮಾಡಾಕಾಗ್ದೋನು ಇನ್ಯಾರಿಗೆ ಮಾಡಾನು. ಸಾಕು ಬುಡು" ಎಂದ.

ಬಡಾಯಿ ಕೊಚ್ಚಿದ್ದು ನಾನು, ತಲೆ ತಗ್ಗಿಸಿದ್ದು ಅವನು. ಒಂದು ವರ್ಷ ಕೆಲಸವಿಲ್ಲದೆಯೂ ಬಿಡದಿದ್ದ ಬಾಚಿಯನ್ನು ನನ್ನ ಬಾಯಿಂದಾಗಿ ಬಿಟ್ಟುಬಿಟ್ಟ. ಅದನ್ನು ಅವನ ಕೈಗೆ ಮತ್ತೆ ಬರುವಂತೆ ಮಾಡುವ ತನಕ ನನಗೆ ಅನ್ನ ಸೇರುವುದಿಲ್ಲ ಎನ್ನಿಸಿತು. ಅವತ್ತು ರಾತ್ರಿ ಎರಡು ಮುದ್ದೆ ಉಂಡೆ, ಅದು ಬೇರೆ ಮಾತು.

ಮಾರನೆಯ ದಿನದಿಂದ ತಾತ ಅಡುಗೆಮನೆಯ ಬಾಗಿಲಲ್ಲಿ ಕೂರಲು ಶುರುಮಾಡಿದ. ಒಲೆಗೆ ಸೌದೆ ಹೆಚ್ಚಾಯಿತು ಎನ್ನುತ್ತಿದ್ದ. ಅವರೆಕಾಳು ಬೆಂದಿಲ್ಲ ಎನ್ನುತ್ತಿದ್ದ. ಅಜ್ಜಿ ಮುದ್ದೆ ತಿರುವುತ್ತಿದ್ದರೆ, "ಕೋಲು ಹಂಗ್ ಹಿಡಿಯೋದಲ್ಲ" ಎನ್ನುತ್ತಿದ್ದ. ಮೂರನೇ ದಿನ ಅಜ್ಜಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ನಲವತ್ತು ವರ್ಷ ಸಂಸಾರ ಮಾಡಿವ್ನಿ, ಹಗಲೊತ್ತು ಈ ಮನುಷ್ಯನ ಮುಖ ಇಷ್ಟೊತ್ತು ನೋಡಿರ್ಲಿಲ್ಲ ಕಣಮ್ಮಿ. ಹೆಂಗಾರ ಮಾಡಿ ಕೊಟ್ಟಿಗೆಗೆ ಕಳ್ಸು. ಇಲ್ದಿದ್ರೆ ಮುದ್ದೆ ಕೋಲು ಅವನ್ ಕೈಗೇ ಕೊಟ್ಟು ನಾನು ತವರಿಗೆ ಹೋಯ್ತೀನಿ."

ನಾನು ಸಿಟ್ಟನ್ನು ನುಂಗಿಕೊಂಡು ನಾಣಿಯ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಮೊಣಕಾಲಿನ ಗಾಯಕ್ಕೆ ಟಿಂಚರು ಹಚ್ಚಿಕೊಂಡು ಉಫ್ ಉಫ್ ಎಂದು ಊದಿಕೊಳ್ಳುತ್ತಿದ್ದ.

"ನಾಕು ಬೇರಿಂಗು ಬೇಕು" ಎಂದೆ.

"ಬೇರಿಂಗ್ ಯಾವ ಲೆಕ್ಕ ಅಂದಿದ್ದೆ?"

"ಅಂದಿದ್ದೆ. ಈಗ ಬೇಕು."

ನಾಣಿ ಒಳ್ಳೆಯವನು. ಒಳಗೆ ಹೋಗಿ ಡಬ್ಬಿಯಿಂದ ನಾಲ್ಕು ಆರಿಸಿ ತಂದ. "ಇದರಲ್ಲೂ ಏನೂ ಸುಖ ಇಲ್ಲ ಕಣೇ ಚಿಕ್ಕಿ. ಸ್ಪೀಡೇನೋ ಹೋಗುತ್ತೆ. ಆದರೆ ಬರೀ ಉಕ್ಕಲ್ವಾ, ಹಲ್ಲೆಲ್ಲ ಅಲ್ಲಾಡುತ್ತೆ. ತಿರುವಲ್ಲಂತೂ ತಿರುಗೋದೇ ಇಲ್ಲ. ನಿಮ್ಮ ತಾತ ಏನಾದ್ರೂ ಮಾಡಿದ್ರೆ ಎರಡನೇ ಸವಾರಿ ನಂದು, ಆಯ್ತಾ?"

ಆಯ್ತು ಎಂದು ಬಂದೆ. ತಾತನ ಕೈಗೆ ಕೊಡುವ ಧೈರ್ಯವಿರಲಿಲ್ಲ. ಅವನ ಎಲೆಅಡಿಕೆ ತಟ್ಟೆಯಲ್ಲಿ ಒಂದು ಬೇರಿಂಗು ಇಟ್ಟು ಕಂಬದ ಹಿಂದೆ ನಿಂತೆ.

ತಾತ ಅಡಿಕೆಗೆ ಕೈ ಹಾಕಿದ. ಕೈಗೆ ಉಕ್ಕು ಬಂತು. "ಯಾವಳ್ಲೇ ಇದ್ನ ಇಲ್ಲಿ ಇಟ್ಟೋಳು!" ಎಂದು ಗುಡುಗಿ ಅಂಗಳಕ್ಕೆ ಎಸೆದ. ಅದು ಉರುಳಿತು. ಉರುಳಿಕೊಂಡು ಹೋಗಿ, ಕೋಳಿಯನ್ನು ಹಾರಿಸಿ, ಬಾವಿಕಟ್ಟೆಯನ್ನು ಸವರಿಕೊಂಡು ತಿರುಗಿ, ಒರಳಿಗೆ ತಾಗಿ ಮಗುಚಿ ಬಿತ್ತು. ಬಿದ್ದ ಮೇಲೂ ಅದರ ಒಳಗಿನ ಬಳೆ ತಿರುಗುತ್ತಲೇ ಇತ್ತು.

ತಾತ ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿದ. ಎದ್ದು ಹೋಗಿ ಅದನ್ನು ಎತ್ತಿಕೊಂಡ. ಬೆರಳಿಗೆ ಸಿಕ್ಕಿಸಿ ತಿರುಗಿಸಿದ. ಕಿವಿಯ ಹತ್ತಿರ ಹಿಡಿದ. ಮತ್ತೆ ತಿರುಗಿಸಿದ. ಅಜ್ಜಿ ಊಟಕ್ಕೆ ಮೂರು ಸಲ ಕರೆದಳು. ಮುದ್ದೆ ತಣ್ಣಗಾಯಿತು, ಸಾರಿನ ಮೇಲೆ ಕೆನೆ ಕಟ್ಟಿತು. ಅವನು ಒರಳಿನ ಮೇಲೆ ಕೂತು ತಿರುಗಿಸುತ್ತಲೇ ಇದ್ದ.

"ಅಮ್ಮಣ್ಣಿ, ಬಾ ಇಲ್ಲಿ" ಎಂದು ಕರೆದ ಕೊನೆಗೆ. "ಒಳಗೆ ಗುಂಡು ಇಟ್ಟವ್ನೆ ನೋಡು ಕಳ್ಳ. ಅಚ್ಚಿಗೂ ಗುಂಬಕ್ಕೂ ಜಗಳ ಆಗ್ದಂಗೆ ನಡುವೆ ನಿಂತವೆ. ನಾವು ನಲವತ್ತು ವರ್ಷ ಕೀಲೆಣ್ಣೆ ಹುಯ್ದು ಹುಯ್ದು ಸಮಾಧಾನ ಮಾಡ್ತಿದ್ವಿ!"

"ಹಂಗಾರೆ ಇದ್ನೇ ಹಾಕ್ಕಳನಾ ತಾತ?"

"ಒಳಗಡೆ ಸರಿ. ಹೊರಗಡೆ ಸರಿಗಿಲ್ಲ" ಎಂದು ಎದ್ದ. ಎದ್ದವನು ದಿಣ್ಣೆಗೆ ಹೋದ. ನಾನೂ ಹಿಂದೆ ಹೋದೆ. ರಸ್ತೆಯ ನಡುವೆ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯನ್ನು ಟಾರಿನ ಮೇಲೆ ಇಟ್ಟು ಮೆಲ್ಲಗೆ ಎಳೆದ. ಆ ರಸ್ತೆ ಬಂದು ಎಷ್ಟೋ ತಿಂಗಳಾಗಿತ್ತು, ತಾತ ಅದನ್ನು ಕೈಯಿಂದ ಮುಟ್ಟಿದ್ದು ಅದೇ ಮೊದಲು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿದರೂ ಏಳಲಿಲ್ಲ. ಅವನೇ ಸುತ್ತಿಕೊಂಡು ಹೋದ.

"ಇದು ಮಣ್ಣಲ್ಲ" ಎಂದ ತಾತ. "ಇದ್ನ ಕಚ್ಚಬಾರ್ದು. ಮೆತ್ತಗೆ ಹಿಡ್ಕಬೇಕು. ತಪ್ಪು ನಂದೇಯ."

ಮನೆಗೆ ಬಂದು, "ಅಟ್ಟದ ಮ್ಯಾಲಿಂದ ಆ ಗೋಣಿ ಇಳ್ಸು" ಎಂದ. ನಾನು ಏಣಿಯನ್ನು ಹತ್ತಿದೆನೋ ಹಾರಿದೆನೋ ನನಗೇ ಗೊತ್ತಾಗಲಿಲ್ಲ.

ಎರಡು ದಿನದಲ್ಲಿ ಹೊಸ ಚಕ್ರಗಳು ಸಿದ್ಧವಾದವು. ನಡುವೆ ಉಕ್ಕಿನ ಬೇರಿಂಗು, ಅದರ ಸುತ್ತ ಕೂದಲು ತೂರದಷ್ಟು ಬಿಗಿಯಾಗಿ ಜಾಲಿ ಮರ. ಹಿಂದಿನ ಅಡ್ಡಪಟ್ಟಿಯನ್ನು ಹಲಗೆಗೆ ಗಟ್ಟಿಯಾಗಿ ಕೂರಿಸಿದ. ಮುಂದಿನದನ್ನು ಮಾತ್ರ ನಡುವೆ ಒಂದೇ ಬೋಲ್ಟು ಹಾಕಿ, ಎಮ್ಮೆ ಚರ್ಮದ ದಪ್ಪ ಬಿಲ್ಲೆ ಕೊಟ್ಟು, ಸ್ವಲ್ಪ ಸಡಿಲ ಬಿಟ್ಟ. ಕೈಯಲ್ಲಿ ಒತ್ತಿದರೆ ಹಲಗೆ ಆ ಕಡೆ ಈ ಕಡೆ ವಾಲುತ್ತಿತ್ತು.

"ಲಡಾಸ್ ಆಯ್ತಲ್ಲ ತಾತ, ಬಿಗಿ ಮಾಡು. ನಾಣೀದು ಬಿಗಿ ಐತೆ" ಎಂದೆ.

"ನೆಲ ಎಲ್ಲಾ ಕಡೆ ಒಂದೇ ಸಮ ಇರ್ತದಾ? ನಾಕೂ ಚಕ್ರ ನೆಲ ಮುಟ್ಟಬೇಕು ಅಂದ್ರೆ ಒಂದು ಕಡೆ ಕದಲಬೇಕು. ನಂಗೇ ಹೇಳಾಕೆ ಬತ್ತಾಳೆ" ಎಂದು ಗದರಿದ. ಅವನು ಹೇಳಿದ್ದು ಗಾಡಿಯವನ ಮಾತು. ಆ ಸಡಿಲ ಇನ್ನೂ ಏನು ಮಾಡಬಲ್ಲದು ಎನ್ನುವುದು ಆಗ ಅವನಿಗೂ ಗೊತ್ತಿರಲಿಲ್ಲ.

ಎಲ್ಲ ಆಯಿತು, ಹೊರಮೈ ಉಳಿಯಿತು. ಬರೀ ಮರವಾದರೆ ಟಾರು ಎರಡೇ ದಿನದಲ್ಲಿ ತಿಂದುಹಾಕುತ್ತದೆ. ಕಬ್ಬಿಣದ ಕಥೆ ಆಗಲೇ ನೋಡಿದ್ದೆವು. ತಾತ ಚರ್ಮ ಸುತ್ತಿ ನೋಡಿದ, ಖಾಲಿ ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಎಳೆಯುವಷ್ಟರಲ್ಲೇ ಕಿತ್ತು ಬಂತು. ಸೆಣಬಿನ ಹಗ್ಗ ಸುತ್ತಿ ನೋಡಿದ, ಅದು ಜೂಲುಜೂಲಾಗಿ ನಮ್ಮ ಮನೆಯ ನಾಯಿಗೆ ಆಟದ ಸಾಮಾನಾಯಿತು. ಏನು ಸುತ್ತಬೇಕು ಎನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಅದರ ಹೆಸರು ಎತ್ತಲಿಲ್ಲ. ಶನಿವಾರ ಮಧ್ಯಾಹ್ನ ಅವನು ಸುಮ್ಮನೆ ಎದ್ದು ಗೋಣಿಚೀಲ ಹುಡುಕತೊಡಗಿದ. ಬಾಚಿ ಮತ್ತೆ ಅಟ್ಟ ಸೇರುತ್ತದೆ ಎಂದುಕೊಂಡೆ.

ಅಷ್ಟು ಹೊತ್ತೂ ಬಾಗಿಲಲ್ಲಿ ರಾಗಿ ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು.

"ರಬ್ಬರ್ ಸುತ್ತು" ಎಂದಳು.

"ಆಣೆ ಮಾಡಿವ್ನಿ."

"ಯಾವ ಗುಡಿ ಮುಂದೆ?"

"ಮುನೇಶ್ವರನ ಗುಡಿ ಮುಂದೆ. ನಿಂಗೊತ್ತಿಲ್ವಾ?"

"ಗೊತ್ತು. ಮೆಟ್ಟು ಎಲ್ಲಿ ಬುಟ್ಟಿದ್ದೆ ಅವತ್ತು?"

"ಗುಡಿ ಹೊರಗೆ. ದೇವ್ರ ಮುಂದೆ ಮೆಟ್ಟು ಹಾಕ್ಕಂಡ್ ಹೋಗಾಕಾಯ್ತದಾ?"

"ಆಣೆ ಮಾಡಿ ಬಂದು ಅದ್ನೇ ಮೆಟ್ಕಂಡೆ ಅಲ್ವಾ? ಅದು ಯಾತರ ಮೆಟ್ಟು ಅಂತ ಒಸಿ ಕಣ್ ಬುಟ್ಟು ನೋಡು."

ತಾತ ಕೆಳಗೆ ನೋಡಿದ. ನಾನೂ ನೋಡಿದೆ. ಅವನ ಕಾಲಲ್ಲಿ ಟೈರಿನ ಮೆಟ್ಟು. ಆಗ ಊರಿನ ಗಂಡಸರೆಲ್ಲ ಹಾಕುತ್ತಿದ್ದದ್ದು ಅದೇ, ಲಾರಿಯ ಹಳೇ ಟೈರು ಕೊಯ್ದು ಮಾಡಿದ್ದು. ಅವನದು ಹತ್ತು ವರ್ಷದ್ದು, ಇನ್ನೂ ಹತ್ತು ವರ್ಷ ಬಾಳುವಂಥದ್ದು.

"ಹತ್ತು ವರ್ಷದಿಂದ ರಬ್ಬರ್ ಮ್ಯಾಲೇ ನಿಂತ್ಕಂಡು ರಬ್ಬರ್ ಬೈತಾವ್ನೆ!" ಎಂದು ಅಜ್ಜಿ ಕೈ ತಟ್ಟಿದಳು. "ದಿನಾ ಬೆಳಿಗ್ಗೆ ಕೈಲೇ ಎತ್ತಿ ಬಾಗಿಲಾಚೆ ಇಡ್ತೀಯ. ಮುನೇಶ್ವರ ಇಷ್ಟು ದಿನ ಸುಮ್ಕಿದ್ದಾನು, ಇನ್ನು ನಾಕು ಚಕ್ರಕ್ಕೆ ಮುನಿಸ್ಕತಾನಾ? ತಪ್ಪುಕಾಣಿಕೆ ಕಟ್ಟಿ ಒಂದ್ ತೆಂಗಿನಕಾಯಿ ಒಡಿ, ಮುಗೀತು."

ತಾತ ಒಂದು ಕಾಲು ಎತ್ತಿ ಮೆಟ್ಟಿನ ಅಡಿಯನ್ನು ನೋಡಿದ. ಈಗ ಬೈಗುಳ ಸುರಿಯುತ್ತದೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವನ ಹೊಟ್ಟೆ ಮೊದಲು ಕುಣಿಯಿತು, ಆಮೇಲೆ ಮೀಸೆ, ಆಮೇಲೆ ನಗು ಹೊರಗೆ ಬಂತು. ನಕ್ಕು ನಕ್ಕು ಕೆಮ್ಮು ಬಂದು, ಅಜ್ಜಿ ನೀರು ಕೊಟ್ಟು ಬೆನ್ನು ಗುದ್ದಬೇಕಾಯಿತು. ಕಣ್ಣೊರೆಸಿಕೊಂಡು ಎರಡೂ ಮೆಟ್ಟು ಕಳಚಿ, "ಉಳಿ ಕೊಡಮ್ಮಣ್ಣಿ" ಎಂದ.

ಒಂದೊಂದು ಮೆಟ್ಟಿನಿಂದ ಎರಡೆರಡು ಉದ್ದನೆಯ ಪಟ್ಟಿ ಕೊಯ್ದ. ಪಟ್ಟಿಯ ಉದ್ದಕ್ಕೆ ಸರಿಹೋಗುವಂತೆ ಮರದ ಚಕ್ರಗಳನ್ನು ಇನ್ನೊಂದಿಷ್ಟು ಕೆತ್ತಿ ಸಣ್ಣದು ಮಾಡಿದ. ಸುತ್ತ ಸುತ್ತಿ, ಮೊಳೆಯ ತಲೆ ರಬ್ಬರಿನ ಒಳಗೆ ಮುಳುಗುವಂತೆ ಬಡಿದ. ಸಂಜೆ ಮುನೇಶ್ವರನಿಗೆ ತಪ್ಪುಕಾಣಿಕೆ ಕಟ್ಟಿ ಬಂದ, ಬರಿಗಾಲಲ್ಲಿ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. "ನಾನು ಬರಾಕಿಲ್ಲ, ನೀನೇ ಹೋಗು" ಎಂದಿದ್ದ ತಾತ ನನಗಿಂತ ಮೊದಲೇ ದಿಣ್ಣೆಯ ಮೇಲಿದ್ದ. ನಾನು ಹಲಗೆಯ ಮೇಲೆ ಕೂತೆ. ಕೂತ ತಕ್ಷಣ ಲಂಗದ ಅಂಚು ಚಕ್ರಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಮತ್ತೆ ಕೂತೆ, ಮತ್ತೆ ಸಿಕ್ಕಿತು. ಈ ಚಕ್ರಗಳು ಹಲಗೆಯ ಆಚೆಗೆ ಚಾಚಿಕೊಂಡಿದ್ದವು. ಹುಡುಗರ ಚಡ್ಡಿಗೆ ಆ ತಾಪತ್ರಯ ಇರಲಿಲ್ಲ. ಅವರಲ್ಲಿ ಒಬ್ಬ ಆಗಲೇ ಕಿಸಿಯತೊಡಗಿದ್ದ.

"ನಿಂತ್ಕಳಮ್ಮಿ" ಎಂದ ತಾತ. "ಖಾಲಿ ಗಾಡಿ ನಿಂತ್ಕಂಡೇ ಅಲ್ವಾ ಹೊಡಿಯೋದು? ಕಾಲು ಅಗಲ ಮಾಡು, ಮಂಡಿ ಒಸಿ ಬಗ್ಗಿಸು. ಹ್ಞೂ."

ನಿಂತೆ. ಅವನು ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ನೂಕಿದ.

ಸದ್ದೇ ಇಲ್ಲ. ಅದೇ ನನಗೆ ಮೊದಲು ಗೊತ್ತಾದದ್ದು. ಗರಗರ ಇಲ್ಲ, ಹಲ್ಲು ಕಟಕಟ ಇಲ್ಲ. ಪಾದದ ಕೆಳಗೆ ಒಂದು ಸಣ್ಣ ನಡುಕ, ಕಿವಿಯಲ್ಲಿ ಗಾಳಿ. ಸೈಟಿನ ಕಲ್ಲುಗಳು ಎರಡೂ ಕಡೆಯಿಂದ ಓಡಿಬರತೊಡಗಿದವು. ನನ್ನ ಜಡೆ ಬೆನ್ನು ಬಿಟ್ಟು ಮೇಲೆದ್ದಿತು. "ತಾತಾ!" ಎಂದು ಕೂಗಿದೆ. ಹೆದರಿಕೆಗೆ ಕೂಗಿದೆನೋ ಖುಷಿಗೆ ಕೂಗಿದೆನೋ ಇವತ್ತಿಗೂ ಹೇಳಲಾರೆ. ಹಿಂದಿನಿಂದ "ಬಂದೆ, ಬಂದೆ" ಎಂದು ತಾತ ಓಡಿಬರುವುದು ಕೇಳುತ್ತಿತ್ತು. ಟಾರು ಕಾದಿತ್ತು, ಅವನ ಕಾಲಲ್ಲಿ ಮೆಟ್ಟಿರಲಿಲ್ಲ. ಎರಡು ಹೆಜ್ಜೆಗೊಮ್ಮೆ "ಅಯ್ಯಪ್ಪಾ" ಎನ್ನುತ್ತಿದ್ದ.

ಎದುರಿಗೆ ಮರಳಿನ ಗುಡ್ಡೆ ಬಂತು. ಮರಳು ತಿನ್ನುವ ಸರದಿ ನನ್ನದಾಯಿತು ಎಂದುಕೊಂಡೆ. ಅದರಿಂದ ತಪ್ಪಿಸಿಕೊಳ್ಳಲು ಮೈಯನ್ನು ಎಡಕ್ಕೆ ವಾಲಿಸಿದೆ, ಬರೀ ಭಯಕ್ಕೆ. ಹಲಗೆಯೂ ನನ್ನ ಜೊತೆ ಎಡಕ್ಕೆ ವಾಲಿತು. ಮುಂದಿನ ಅಡ್ಡಪಟ್ಟಿ ಆ ಸಡಿಲದಲ್ಲಿ ಮೆಲ್ಲಗೆ ಹೊರಳಿತು, ರಬ್ಬರು ಟಾರನ್ನು ಬಿಡದೆ ಹಿಡಿದುಕೊಂಡಿತು. ಗಾಡಿ ತಿರುಗಿತು! ಮರಳಿನ ಗುಡ್ಡೆ ಬಲಗಡೆಗೆ ಸರಿದು ಹಿಂದಕ್ಕೆ ಹೋಯಿತು. ಯಾವ ಗಾಡಿಯೂ ಕಾಣದಿದ್ದ ಆಚೆ ಕಡೆಯ ಇಳಿಜಾರು ಅಷ್ಟೂ ನನ್ನ ಮುಂದಿತ್ತು.

ಆ ಇಳಿಜಾರಿನಲ್ಲಿ ನಾನು ಬೇಕೆಂದೇ ಒಮ್ಮೆ ಬಲಕ್ಕೆ ವಾಲಿದೆ. ಗಾಡಿ ಬಲಕ್ಕೆ ಹೋಯಿತು. ಎಡಕ್ಕೆ ವಾಲಿದೆ, ಎಡಕ್ಕೆ ಬಂತು. ಅಷ್ಟು ಸಂತೋಷ ಆ ಹತ್ತು ವರ್ಷದಲ್ಲಿ ನನಗೆ ಯಾವತ್ತೂ ಆಗಿರಲಿಲ್ಲ. ರಸ್ತೆಯ ಅಗಲವನ್ನೆಲ್ಲ ಬಳಸಿಕೊಂಡು ಹಾವಿನ ಹಾಗೆ ಹರಿದು ಇಳಿದೆ. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು ಬಿಂದಿಗೆ ತುಂಬಿ ಹರಿಯುತ್ತಿದ್ದರೂ ನೋಡದೆ, ನಿಂತುಕೊಂಡೇ ಬರುತ್ತಿರುವ ಹುಡುಗಿಯನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಅವರ ಮುಂದೆ ಗಾಡಿ ತಾನಾಗಿ ನಿಧಾನವಾಗಿ ನಿಂತಿತು.

ಹುಡುಗರು ಕೂಗುತ್ತಾ ಓಡಿಬಂದರು. "ತಿರುಗಿಸಿಬಿಟ್ಟಳು ಕಣ್ರೋ! ತಿರುಗಿಸಿಬಿಟ್ಟಳು!" ಎಂದು ನಾಣಿ ಕುಣಿದಾಡಿದ. ಎತ್ತಿನ ಮಾತಾಡಿದ್ದ ಹುಡುಗ ಕೂಡ ಹಲಗೆಯನ್ನು ಮುಟ್ಟಿ ನೋಡಿ, "ನಂಗೂ ಒಂದ್ ಸಲ ಕೊಡೇ" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಬಿಸಿ ಮುಟ್ಟಿಸುತ್ತಿದ್ದೆ. ಅವತ್ತು ಹಲ್ಲು ಕಿರಿದುಕೊಂಡು ನಿಂತಿದ್ದೆ.

ತಾತ ಕುಂಟುತ್ತಾ ಕುಪ್ಪಳಿಸುತ್ತಾ ಬಂದು ತಲುಪಿದ. ನಲ್ಲಿಯ ಹೆಂಗಸೊಬ್ಬಳು ಅವನ ಕಾಲಿಗೆ ನೀರು ಹುಯ್ದಳು. ಅವನು ಅದನ್ನು ನೋಡಲೂ ಇಲ್ಲ, ನನ್ನನ್ನೂ ನೋಡಲಿಲ್ಲ. ಒದ್ದೆ ನೆಲದಲ್ಲೇ ಕೂತು, ಹಲಗೆಯನ್ನು ಮಗುಚಿ, ಒಂದೊಂದೇ ಚಕ್ರ ತಿರುಗಿಸಿ ಒಂದು ಕಣ್ಣು ಮುಚ್ಚಿ ನೋಡಿದ. ಶಹಬ್ಬಾಸ್ ಎನ್ನುತ್ತಾನೆ ಎಂದು ನಾನು ಕಾದೆ. ಎಲ್ಲರೂ ಕಾದರು.

"ಹಿಂದಿನ ಎಡಗಡೇದು ಒಂದ್ ನೂಲು ಒಳಕ್ಕೈತೆ" ಎಂದ. "ತಿರುವಲ್ಲಿ ಎಳೀತಿತ್ತು. ನಿಂಗೆ ಗೊತ್ತಾಗ್ಲಿಲ್ವಾ?"

"ಇಲ್ಲ ತಾತ."

"ನಂಗೆ ಮ್ಯಾಲಿಂದ್ಲೇ ಕಾಣ್ತು. ಮರ ಬಲಿತಿಲ್ಲ ಅದು. ಬ್ಯಾರೆ ಕೆತ್ತಬೇಕು. ಮುಂದಿನ ಬಿಲ್ಲೇನೂ ಇಷ್ಟು ದಪ್ಪ ಬ್ಯಾಡ."

"ತಾತ, ಎರಡನೇ ಸವಾರಿ ನಂದು ಅಂತ ಮಾತಾಗಿತ್ತು" ಎಂದ ನಾಣಿ.

"ತಡ್ಕಳಪ್ಪ. ಇದಿನ್ನೂ ಸರಿಯಾಗಿಲ್ಲ. ನಿನ್ ಗಾಡೀನೂ ತಗಂಡ್ ಬಾ, ಅದ್ನೂ ಒಸಿ ನೋಡನ. ಹಲಗೆ ಹಿಡ್ಕಂಡು ಹಿಂಗೆ ಮರಳಿಗೆ ಹೋಗಿ ಬೀಳೋದಾ, ಥೂ ನಿಮ್ಮ."

ನಾನು ಗೆದ್ದು ಬಂದು ನಿಂತಿರುವಾಗ ಹುಳುಕು ಹುಡುಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆವತ್ತು ಮಾತ್ರ ಆ ಬೈಗುಳ ಕೇಳುತ್ತಾ ಕೇಳುತ್ತಾ ನನಗೆ ಅಳು ಬಂತು, ಅಳುತ್ತಲೇ ನಕ್ಕುಬಿಟ್ಟೆ. "ಯಾಕಮ್ಮಿ, ಬಿದ್ಯಾ?" ಎಂದು ಆ ಹೆಂಗಸು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ.

"ಏನ್ ನೋಡ್ತಾ ನಿಂತ್ರಿ ಎಲ್ಲಾ? ಹೊತ್ತು ಹೋಯ್ತದೆ" ಎಂದ ತಾತ. ಹಲಗೆಯನ್ನು ಹೆಗಲ ಮೇಲೆ ಹಾಕಿಕೊಂಡು, ಕಾದ ಟಾರು ಬಿಟ್ಟು ಪಕ್ಕದ ಮಣ್ಣಿನಲ್ಲಿ ದಾಪುಗಾಲು ಹಾಕುತ್ತಾ ಆಗಲೇ ದಿಣ್ಣೆ ಹತ್ತುತ್ತಿದ್ದ. ನಾವು ಐದೂ ಜನ ಅವನ ಹಿಂದೆ ಓಡಿದೆವು.